ಹನ್ನೊಂದು ಮರಿಗಳ ಪೋಸ್ಟರ್

ಹಳೆಯ ಪೋಸ್ಟರಿನಲ್ಲಿ ಇನ್ನೂರ ಹದಿನಾಲ್ಕು ಪದಗಳಿದ್ದವು. ಎರಡು ಸಲ ಎಣಿಸಿದೆ. ಒಂಬತ್ತು ಚೌಕ, ಆರು ಬಗೆಯ ಅಕ್ಷರ, ನಾಲ್ಕು ಬಾಣ, ಒಂದು ದೊಡ್ಡ ಸಿರಿಂಜು. ಕುರಿಗಳ ಲಸಿಕೆಯ ಬಗ್ಗೆ ಹೇಳಬೇಕಾದ ಪೋಸ್ಟರಿನಲ್ಲಿ ಕುರಿ ಒಂದೇ ಒಂದು. ಅದೂ ಕೆಳಗಿನ ಮೂಲೆಯಲ್ಲಿ, ಅರ್ಧ ಮುಖ ಮೊಳೆಗೆ ಸಿಕ್ಕಿ ಹರಿದಿತ್ತು.

ಬೇವೂರು ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನ ಪಶು ಆಸ್ಪತ್ರೆಯ ಗೋಡೆ ಅದು. ಅದು ನನ್ನ ಸೋದರತ್ತೆಯ ಊರು. ನಮ್ಮ ಮನೆ ಗಿಣಿಗೇರಾದಲ್ಲಿ, ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಾರೆ. ಡಿಸೈನ್ ಕಾಲೇಜಿನಲ್ಲಿ ನಮಗೆ ಬೇಸಿಗೆ ರಜೆಗೆ ಕೊಟ್ಟ ಕೆಲಸ ಹೀಗಿತ್ತು: ಸಾರ್ವಜನಿಕ ಜಾಗದಲ್ಲಿರುವ, ಜನರಿಗೆ ಅರ್ಥವಾಗದ ಒಂದು ಮಾಹಿತಿ ಪೋಸ್ಟರನ್ನು ಹುಡುಕಿ. ಅದನ್ನು ಹೊಸದಾಗಿ ರಚಿಸಿ. ಅದರಿಂದಲೇ ಒಂದು ನಿಮಿಷದೊಳಗಿನ ಅನಿಮೇಷನ್ ಮಾಡಿ. ಬಳಸುವವರ ಮುಂದೆ ಇಟ್ಟು ಪರೀಕ್ಷಿಸಿ. ಅವಧಿ ಇಪ್ಪತ್ತೊಂದು ದಿನ.

ನಾನು ಚೌಕಳಿ ಪುಟಗಳ ಒಂದು ನೋಟ್‌ಬುಕ್ ತೆಗೆದುಕೊಂಡು ಹೋದೆ. ದಿನಕ್ಕೊಂದು ಪುಟ. ಎಣಿಸಬೇಕಾದದ್ದಕ್ಕೆಲ್ಲ ಗೀಟು ಹಾಕುವುದು ನನ್ನ ಅಭ್ಯಾಸ: ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಇಲ್ಲಿ ಹೇಳುತ್ತಿರುವುದೆಲ್ಲ ಆ ಪುಟಗಳಲ್ಲಿ ಇರುವುದೇ.

ಮೊದಲ ದಿನ ಪೋಸ್ಟರಿನ ಪದ ಎಣಿಸುತ್ತ ನಿಂತಿದ್ದವಳನ್ನು ಡಾಕ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ವಯಸ್ಸು ಚಿಕ್ಕದೇ, ಊರಿಗೆ ಬಂದು ಮೂರು ವರ್ಷ ಆಗಿದೆಯಂತೆ.

"ಅದನ್ನ ಪೂರ್ತಿ ಓದಿದಾಕಿ ನೀನ ಮೊದಲನೇದಾಕಿ ತಂಗಿ," ಎಂದರು. "ನಾನೂ ಓದಿಲ್ಲ."

ನಾನು ಬಂದ ಕೆಲಸ ಹೇಳಿದೆ. ಅವರು ಕುರ್ಚಿ ಎಳೆದು ಕೊಟ್ಟು, ತಮ್ಮ ತೊಂದರೆ ಹೇಳಿದರು. ಇನ್ನು ಇಪ್ಪತ್ತನೆಯ ದಿನಕ್ಕೆ ಕರುಳುಬೇನೆಯ ಲಸಿಕೆ ಬರುತ್ತದೆ. ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಊರಿನ ಬಯಲಿಗೆ ಹೋಗುವುದು, ಒಂದೇ ದಿನ. ತೆರೆದ ಬಾಟಲಿ ಅಂದೇ ಮುಗಿಯಬೇಕು. ಊರಲ್ಲಿ ಹತ್ತೊಂಬತ್ತು ಕುರಿ ಹಿಂಡುಗಳಿವೆ. ಹೋದ ವರ್ಷ ಬಂದದ್ದು ಐದು.

"ಪೆಟ್ಟಿಗಿ ತುಂಬ ತಂದು ಅರ್ಧ ವಾಪಸ್ ಒಯ್ದೀನಿ. ಆಮೇಲೆ ಮಳಿ ಆತು, ಮರಿ ಸತ್ತವು, ಮತ್ತ ನನ್ನ ಕರದ್ರು. ಸತ್ತ ಮೇಲೆ ನಾ ಏನ್ ಮಾಡ್ಲಿ?" ಹಾಗೆಯೇ ಕೇಳಿದರು: "ನೀ ಯಾರ ಮನ್ಯಾಗ ಇಳದಿ?"

ಅತ್ತೆಯ ಮನೆ ಹೇಳಿದೆ. ಅವರು ಜೋರಾಗಿ ನಕ್ಕರು.

"ಆಕಿ ಒಬ್ಬಾಕಿ ಬಂದ್ರ ಸಾಕ್ ನೋಡು. ಉಳದವ್ರು ತಾವ ಬರ್ತಾರ. ಆಕಿ ಬರಂಗಿಲ್ಲ."

ಎರಡನೆಯ ದಿನದ ಪುಟದಲ್ಲಿ ಅತ್ತೆಯ ಹಿಂಡಿನ ಲೆಕ್ಕವಿದೆ: ದೊಡ್ಡವು ಅರವತ್ತನಾಲ್ಕು, ಮರಿ ಇಪ್ಪತ್ತಮೂರು. ಟಗರುಗಳನ್ನು ಹೊಡೆದುಕೊಂಡು ಮಾವ ಗಂಗಾವತಿ ಕಡೆಯ ನಾಲಾ ಹೊಲಗಳಿಗೆ, ಕಾಲುವೆ ನೀರಿನ ಕಡೆಗೆ, ಹೋಗಿದ್ದ. ಊರಲ್ಲಿ ಉಳಿದ ಕುರಿಗಳಿಗೆಲ್ಲ ಅತ್ತೆಯೇ ಯಜಮಾನಿ. ಅತ್ತೆ ಎತ್ತರದ ಹೆಂಗಸು. ನಡೆಯುವಾಗ ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ. ಮೇ ತಿಂಗಳ ಬಿಸಿಲಲ್ಲೂ ಕಂಬಳಿ.

"ಅತ್ತಿ, ಈ ಸಲ ಸೂಜಿ ಮಾಡಸ್ತಿಯಿಲ್ಲ?"

"ಅದರ ಹೆಸರ ತಗೀಬ್ಯಾಡ ನನ್ನ ಮುಂದ."

"ಯಾಕ?"

"ಹಿಂದಕ ಒಮ್ಮೆ ಮಾಡಿಸಿದ್ವಿ. ವಾರದಾಗ ಮೂರು ಸತ್ತವು."

"ಹೋದ ವರ್ಷ?"

"ಮಾಡಸಲಿಲ್ಲ."

"ಆಗ?"

ಅತ್ತೆ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಕುರಿಗಳ ಕಡೆ ನೋಡುತ್ತ, "ಹನ್ನೊಂದು ಮರಿ," ಎಂದಳು. "ಎರಡು ದಿನದಾಗ. ಮುಂಜಾನೆ ಜಿಗದಾಡಿದ್ದು ಸಂಜಿಗೆ ಇಲ್ಲ. ಅದು ಹುಲ್ಲಿನ ದೋಷ. ಸೂಜಿ ಮಾಡಿಸಿದ್ರ ಇನ್ನೂ ಹನ್ನೊಂದು ಹೋಗ್ತಿದ್ದವು."

ನಾನು ಹನ್ನೊಂದು ಎಂದು ಬರೆದುಕೊಂಡೆ. ಸಂಜೆ ಡಾಕ್ಟರನ್ನು ಕೇಳಿದೆ. ಅವರು ಬಿಡಿಸಿ ಹೇಳಿದರು: ಮಳೆ ಬಿದ್ದು ಹೊಸ ಹುಲ್ಲು ಚಿಗುರಿದಾಗ ಮರಿಗಳು ಆಸೆಗೆ ಬಿದ್ದು ಮೇಯುತ್ತವೆ, ಕರುಳಿನಲ್ಲಿ ಬೇನೆ ಏಳುತ್ತದೆ. ಲಸಿಕೆ ಮೈಗೆ ಹತ್ತಲು ಎರಡು ವಾರವಾದರೂ ಬೇಕು. ಅತ್ತೆ ಮಾಡಿಸಿದ ವರ್ಷ ಮಳೆ ಮೊದಲು ಬಂದು, ಸೂಜಿ ಆಮೇಲೆ ಬಂದಿತ್ತು. ಆ ಮೂರಕ್ಕೆ ಬೇನೆ ಅದಾಗಲೇ ಹತ್ತಿತ್ತು.

ಅಂದರೆ ಇನ್ನೂರ ಹದಿನಾಲ್ಕು ಪದಗಳು ಹೇಳಬೇಕಿದ್ದದ್ದು ಇಷ್ಟೇ: ಮೊದಲು ಸೂಜಿ, ಆಮೇಲೆ ಮಳೆ, ಆಮೇಲೆ ಹುಲ್ಲು. ಇಷ್ಟು ತಿಳಿದ ಸಂತೋಷಕ್ಕೆ ಅಂದು ಆ ಪುಟದ ಸುತ್ತ ಎರಡು ಗೆರೆಯ ಚೌಕಟ್ಟು ಹಾಕಿದೆ. ಇಪ್ಪತ್ತು ದಿನದ ಕೆಲಸ ಹತ್ತು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ.

ಮೂರರಿಂದ ಏಳನೆಯ ದಿನದವರೆಗೆ ಪೋಸ್ಟರ್ ರಚಿಸಿದೆ. ಅತ್ತೆಯ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಕರೆಂಟು ಹೋದಾಗ ಕಾಗದದ ಮೇಲೆ, ಬಂದಾಗ ಪರದೆಯ ಮೇಲೆ. ಮೊದಲ ಕುರಿಯನ್ನು ನೋಡಿ ಅತ್ತೆ ಸೊಂಟದ ಮೇಲೆ ಕೈ ಇಟ್ಟಳು.

"ಏನಿದು?"

"ಕುರಿ."

"ಹತ್ತಿ ಅಂಡಗಿ ಚೀಲಕ್ಕ ನಾಕ ಕಾಲ ಹಚ್ಚೀಯಲ್ಲ ಯವ್ವಾ. ನಮ್ಮ ಕುರಿ ಕಣ್ಣ ಮುಂದ ನಿಂತಾವ, ಯಾರ ಕುರಿ ನೋಡಿ ಬರದಿ?"

ಅವಳು ಹೇಳಿದ್ದು ನಿಜವೇ. ಚಿಕ್ಕಂದಿನ ಬಣ್ಣದ ಪುಸ್ತಕಗಳಲ್ಲಿ ನೋಡಿದ ದುಂಡು ಬಿಳಿ ಕುರಿ ನನ್ನ ಕೈಯಲ್ಲಿ ಕೂತುಬಿಟ್ಟಿತ್ತು. ಅಂಗಳದಲ್ಲಿ ಕೂತು ಇಪ್ಪತ್ತೆಂಟು ಸ್ಕೆಚ್ ಮಾಡಿದೆ. ಮಾಸಲು ಬಿಳಿ ಮೈ, ಕಂದು ಮುಖ, ಉದ್ದ ಕಾಲು, ಜೋಲು ಕಿವಿ. ಇಪ್ಪತ್ತೊಂಬತ್ತನೆಯದಕ್ಕೆ ಅತ್ತೆ, "ಹೂಂ, ಇದು ಮೇಯತೈತಿ," ಎಂದಳು.

ಏಳನೆಯ ದಿನ ಪೋಸ್ಟರ್ ಮುಗಿಯಿತು. ಇನ್ನೂರ ಹದಿನಾಲ್ಕು ಪದ ಇಪ್ಪತ್ತೆರಡಕ್ಕೆ ಇಳಿದಿತ್ತು. ಎರಡು ಕಾಲಂ. ಎಡಗಡೆ ಲಸಿಕೆ ಹಾಕಿಸದ ಕುರಿಗಳು: ಬೆನ್ನ ಮೇಲೆ ಕೆಂಪು ಬೊಟ್ಟು, ಕೆಲವು ನೆಲಕ್ಕೆ ಬಿದ್ದಿವೆ. ಬಲಗಡೆ ಲಸಿಕೆ ಹಾಕಿಸಿದವು: ಹಸಿರು ಬೊಟ್ಟು, ಕತ್ತೆತ್ತಿ ನಿಂತಿವೆ. ಕೆಂಪು ಅಪಾಯ, ಹಸಿರು ಕ್ಷೇಮ. ಮೊದಲ ಸೆಮಿಸ್ಟರಿನ ಪಾಠ. ಮಾರ್ಗದರ್ಶಕಿ ಮೇಡಂಗೆ ಫೋನಿನಲ್ಲಿ ಕಳಿಸಿದೆ. "ತುಂಬ ಸ್ಪಷ್ಟವಾಗಿದೆ" ಎಂದು ಉತ್ತರ ಬಂತು. ಯಲಬುರ್ಗಾಕ್ಕೆ ಹೋಗಿ ದೊಡ್ಡ ಹಾಳೆಯ ಮೇಲೆ ಬಣ್ಣದ ಪ್ರಿಂಟ್ ತೆಗೆಸಿಕೊಂಡು ಬಂದೆ.

ಎಂಟನೆಯ ದಿನ ಪರೀಕ್ಷೆ. ಬೇವಿನ ಮರದ ಕಟ್ಟೆಯ ಮೇಲೆ ಹಾಳೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟೆ. ಬಂದವರಿಗೆಲ್ಲ ಒಂದೇ ಪ್ರಶ್ನೆ: ಇದರಾಗ ಏನ್ ಹೇಳೈತಿ? ನಾನು ಏನನ್ನೂ ವಿವರಿಸಬಾರದು, ತಲೆ ಆಡಿಸಬಾರದು, ಕೇಳಿದ್ದನ್ನು ಬರೆದುಕೊಳ್ಳಬೇಕು. ಅದು ನಿಯಮ.

ಮೊದಲು ಬಂದ ಮುದುಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ.

"ಕೆಂಪು ಹಚ್ಚಿದ್ದು ಮಕಾಡೆ ಬಿದ್ದಾವ. ಸೂಜಿ ಮಾಡಿಸ್ಯಾರ, ಪಾಪ."

ನನ್ನ ಪೆನ್ನು ನಿಂತಿತು. ನಿಯಮ ನೆನಪಾಗಿ ಮುಂದುವರಿಸಿದೆ.

"ಈ ಕಡಿವು?"

"ಇವು ಬೇಷ್ ಅದಾವ. ಹುಲ್ಲಾಗ ಹೊರಳ್ಯಾಡಿ ಮೈಗೆ ಹಸರು ಹತ್ತೈತಿ. ಸೂಜಿ ಗೀಜಿ ಏನೂ ಮಾಡಿಸಿಲ್ಲ, ಆರಾಮ ಅದಾವ."

ಅವನ ಹಿಂದೆ ಬಂದ ಹೆಂಗಸರೂ ಅದನ್ನೇ ಹೇಳಿದರು. ಅವರ ಹಿಂದಿನವರೂ ಅದನ್ನೇ. ಸಂಜೆಗೆ ಗೀಟು ಎಣಿಸಿದೆ. ಒಟ್ಟು ಹದಿನಾರು ಜನ. ತಿರುಗುಮುರುಗಾಗಿ ಓದಿದವರು ಹದಿಮೂರು. ಗೊತ್ತಿಲ್ಲ ಎಂದವರು ಇಬ್ಬರು. ಸರಿಯಾಗಿ ಹೇಳಿದವಳು ಒಬ್ಬಳು. ಅವಳು ಚಿತ್ರ ನೋಡಲೇ ಇಲ್ಲ, ಇಪ್ಪತ್ತೆರಡು ಪದ ಓದಿದ್ದಳು.

ಎಣಿಕೆ ಮುಗಿದ ಮೇಲೆ ಬಂದದ್ದು ಅತ್ತೆ. ನೋಡಿದ ಕೂಡಲೇ ಅವಳ ಮುಖ ಅರಳಿತು.

"ನೋಡ್ದಿ? ನೀನ ಬರದೀಯಲ್ಲ! ಸೂಜಿ ಮಾಡಿಸಿದ್ದು ಸಾಯ್ತಾವ, ಬಿಟ್ಟದ್ದು ಬದುಕ್ತಾವ. ಭಾಳ ಛಲೋ ಬರದಿ ನಮ್ಮವ್ವ. ಇದನ್ನ ನನಗ ಕೊಡು."

ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಎಂಟು ದಿನದಲ್ಲಿ ನನ್ನ ಕೆಲಸವನ್ನು ಇಷ್ಟು ಮನಸಾರೆ ಮೆಚ್ಚಿದವರು ಅವಳೊಬ್ಬಳೇ. ಬುದ್ಧಿ ಇಲ್ಲದೆ ಹಾಳೆಯನ್ನು ಸುತ್ತಿ ಅವಳ ಕೈಗೆ ಕೊಟ್ಟೆ.

ಒಂಬತ್ತನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಪೋಸ್ಟರ್ ಬೀದಿ ಬಾಗಿಲಿನ ಮೇಲಿತ್ತು, ಹಿಟ್ಟಿನ ಅಂಟು ಕಲಸಿ ಭದ್ರವಾಗಿ ಹಚ್ಚಿದ್ದಳು. ಹಾದಿಯಲ್ಲಿ ಹೋಗುವ ಕುರಿಗಾರರನ್ನೆಲ್ಲ ನಿಲ್ಲಿಸಿ ತೋರಿಸುತ್ತಿದ್ದಳು: "ನಮ್ಮಣ್ಣನ ಮಗಳು ಬರದಾಳ. ಕಾಲೇಜಿನ್ಯಾಗ ಇದನ್ನ ಕಲಸ್ತಾರಂತ." ಮೂವರು ಫೋನಿನಲ್ಲಿ ಫೋಟೊ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅದು ಊರಿನ ವಾಟ್ಸಾಪ್ ಗುಂಪಿನಲ್ಲಿತ್ತು.

ಡಾಕ್ಟರ್ ಬೈಯುತ್ತಾರೆ ಎಂದುಕೊಂಡೇ ಆಸ್ಪತ್ರೆಗೆ ಹೋದೆ. ಅವರು ಬೈಯಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಹಳೆಯ ಪೋಸ್ಟರಿನ ಕಡೆ ಒಮ್ಮೆ, ಫೋನಿನ ಕಡೆ ಒಮ್ಮೆ ನೋಡಿದರು.

"ತಂಗಿ, ನಮ್ಮ ಹಳೇದು ಒಬ್ಬರಿಗೂ ತಿಳೀತಿರಲಿಲ್ಲ. ನಿಂದು ಎಲ್ಲಾರಿಗೂ ತಿಳದೈತಿ. ಅದ ತ್ರಾಸು. ಹೋದ ವರ್ಷ ಬಂದ ಐದ್ರಾಗ ಇಬ್ರು ಈಗಷ್ಟ ಫೋನ್ ಮಾಡಿದ್ರು. ಬರಂಗಿಲ್ಲಂತ."

ಐದು, ಮೂರಾಗಿತ್ತು. ಆ ಪುಟದಲ್ಲಿ ಅದಷ್ಟೇ ಇದೆ: ೫ ಹೊಡೆದು ೩.

ಹತ್ತನೆಯ ದಿನ ಡಾಕ್ಟರ್ ಬೇರೆ ಒಂದು ಹಿಂಡಿಗೆ ಜಂತಿನ ಔಷಧಿ ಕುಡಿಸಲು ಹೊರಟಿದ್ದರು. ಬಾ ಎಂದರು, ಹೋದೆ. ತಲೆ ತಗ್ಗಿಸಿಕೊಂಡು ಬೇಲಿಯ ಹೊರಗೆ ನಿಂತಿದ್ದೆ. ಒಬ್ಬ ಕುರಿ ಹಿಡಿಯುತ್ತಾನೆ, ಡಾಕ್ಟರ್ ಬಾಯಿಗೆ ಔಷಧಿ ಬಿಡುತ್ತಾರೆ, ಪಕ್ಕದಲ್ಲಿ ಕೂತ ಹೆಂಗಸು ಬಟ್ಟಲಲ್ಲಿ ಹೆಬ್ಬೆರಳು ಅದ್ದಿ ಕುರಿಯ ಬೆನ್ನಿಗೆ ಒಂದು ಗುರುತು ಎಳೆದು ಬಿಡುತ್ತಾಳೆ. ಬಟ್ಟಲಲ್ಲಿ ಇದ್ದದ್ದು ಹುರಮಂಜು, ಗೋಡೆಗೆ ಬಳಿಯುವ ಕೆಮ್ಮಣ್ಣು, ನೀರಿನಲ್ಲಿ ಕಲಸಿದ್ದು. ಹತ್ತು ಹನ್ನೆರಡು ಕುರಿ ಆಗುವವರೆಗೆ ಸುಮ್ಮನೆ ನೋಡುತ್ತಿದ್ದೆ. ಆಮೇಲೆ ಬೇಲಿ ಹಾರಿ ಒಳಗೆ ಹೋದೆ.

"ಅಕ್ಕಾರ, ಇದನ್ನ ಯಾಕ ಹಚ್ತೀರಿ?"

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹಚ್ಚಲಿಲ್ಲಂದ್ರ ಯಾವುದಕ್ಕ ಕುಡಿಸೀವಿ, ಯಾವುದಕ್ಕ ಬಿಟ್ಟೀವಿ, ಹೆಂಗ ತಿಳೀಬೇಕು? ಕೆಂಪು ಇದ್ದದ್ದು ಆತು. ಇಲ್ಲದ್ದು ಇನ್ನೂ ಆಗಬೇಕು. ನೀವ ಅಲ್ಲೇನ ಪೋಸ್ಟರಿನವ್ರು?"

ಅಲ್ಲಿಯೇ ನೆಲದ ಮೇಲೆ ಕೂತು ಬರೆದೆ: ಕೆಂಪು = ಆಯಿತು. ಈ ಊರಿನ ಹದಿಮೂರು ಜನ ತಪ್ಪು ಓದಿರಲಿಲ್ಲ. ಕೆಂಪು ಹಚ್ಚಿದ ಕುರಿ ಎಂದರೆ ಔಷಧಿ ಆದ ಕುರಿ. ಅದು ಬಿದ್ದಿದೆ ಎಂದು ನಾನೇ ಬರೆದಿದ್ದೆ. ಅವರು ಬರೆದದ್ದನ್ನು ಓದಿದ್ದರು. ಅತ್ತೆಯ ಮನೆಯಲ್ಲಿ ಒಂಬತ್ತು ದಿನ ಇದ್ದು, ಇಪ್ಪತ್ತೊಂಬತ್ತು ಸಲ ಕುರಿ ಬರೆದು, ಆ ಕುರಿಗಳ ಬೆನ್ನ ಮೇಲಿನ ಮಸುಕಾದ ಕೆಂಪು ಕಲೆಯನ್ನು ನಾನು ಕೊಳೆ ಎಂದುಕೊಂಡು ಬಿಟ್ಟಿದ್ದೆ.

ಮೇಡಂಗೆ ಫೋನ್ ಮಾಡಿದೆ. ಅವರು ಸಮಾಧಾನದಿಂದ ಕೇಳಿದರು. "ಬಣ್ಣ ಅದಲುಬದಲು ಮಾಡಿಬಿಡಿ. ಅರ್ಧ ಗಂಟೆಯ ಕೆಲಸ. ಹನ್ನೊಂದು ದಿನ ಉಳಿದಿದೆ, ಅನಿಮೇಷನ್ ಇನ್ನೂ ಶುರುವೇ ಆಗಿಲ್ಲ. ಈಗ ಬುಡದಿಂದ ಬದಲಾಯಿಸಿದರೆ ಎರಡೂ ಮುಗಿಯುವುದಿಲ್ಲ," ಎಂದರು. ಅವರು ಹೇಳಿದ್ದು ಲೆಕ್ಕದ ಪ್ರಕಾರ ಸರಿ.

ನಾನು ನೋಟ್‌ಬುಕ್ ತೆಗೆದು ಹದಿನಾರು ಜನ ಹೇಳಿದ ಮಾತುಗಳನ್ನು ಮತ್ತೆ ಓದಿದೆ. ಯಾರೊಬ್ಬರೂ ಎಡ ಬಲ ಹೋಲಿಸಿರಲಿಲ್ಲ. ಎಲ್ಲರೂ ಒಂದೇ ಕುರಿಗೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಕಥೆ ಹೇಳಿದ್ದರು. ಹಿಂಡನ್ನು ಎರಡು ಕಾಲಂ ಮಾಡಿ ನಿಲ್ಲಿಸುವುದು ಕಾಲೇಜಿನ ಯೋಚನೆ. ಇಲ್ಲಿ ಹಿಂಡು ಒಂದೇ ಇರುತ್ತದೆ, ನಡೆಯುತ್ತ ಇರುತ್ತದೆ. ನನಗೆ ಹೇಳಬೇಕಿದ್ದದ್ದೂ ಒಂದು ಕ್ರಮವೇ ಅಲ್ಲವೇ: ಸೂಜಿ, ಮಳೆ, ಹುಲ್ಲು.

ಬುಡದಿಂದಲೇ ಮಾಡುವುದು ಎಂದು ಬರೆದು ಅದರ ಕೆಳಗೆ ಗೆರೆ ಎಳೆದೆ. ಹಸಿರು ಬೊಟ್ಟು ಹೋಯಿತು. ಕಾಲಂ ಹೋದವು. ಉಳಿದದ್ದು ಒಂದು ಬಟ್ಟಲು, ಒಂದು ಹೆಬ್ಬೆರಳು, ನಡೆಯುವ ಒಂದು ಹಿಂಡು. ಸೂಜಿ ಆದ ಮರಿಗೆ ಹೆಬ್ಬೆರಳು ಕೆಂಪು ಗುರುತು ಹಚ್ಚುತ್ತದೆ. ಹಿಂಡು ನಡೆಯುತ್ತದೆ. ಮೋಡ ಬರುತ್ತದೆ, ಮಳೆ, ಹುಲ್ಲು. ಕೆಂಪು ಗುರುತಿನ ಮರಿಗಳು ಮೇದು ಜಿಗಿಯುತ್ತವೆ. ಮೂವತ್ತೆಂಟು ಸೆಕೆಂಡು. ಸೆಕೆಂಡಿಗೆ ಹನ್ನೆರಡು ಚಿತ್ರದಂತೆ ನಾನೂರ ಐವತ್ತಾರು. ದಿನಕ್ಕೆ ತೊಂಬತ್ತೆರಡು ಮುಗಿಸಿದರೆ ಐದು ದಿನ.

ಮೊದಲ ದಿನವೇ ಹಿಂದೆ ಬಿದ್ದೆ. ಕುರಿ ನಡೆಯುವುದನ್ನು ಕಲಿಸಿದ ಪಾಠವಿರಲಿಲ್ಲ. ಕುದುರೆ, ನಾಯಿ ಇದ್ದವು. ನಾಯಿಯ ಹೆಜ್ಜೆಗಳನ್ನು ಕುರಿಗೆ ಹಾಕಿದೆ. ಅತ್ತೆ ಹಿಂದಿನಿಂದ ಇಣುಕಿ, "ಇದು ಕದ್ದು ಹೋಗಾಕತ್ತೈತಿ," ಎಂದಳು. ಫೋನು ನೆಲಕ್ಕೆ ಇಟ್ಟು, ಹಿಂಡು ಹೊಲಕ್ಕೆ ಹೊರಡುವುದನ್ನು ಪಕ್ಕದಿಂದ ವಿಡಿಯೊ ಮಾಡಿದೆ. ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದಾಗ ಗುಟ್ಟು ಸಿಕ್ಕಿತು. ಕುರಿಯ ಕಾಲು ಅಲ್ಲ, ಕುತ್ತಿಗೆ ಮುಖ್ಯ. ಪ್ರತಿ ಹೆಜ್ಜೆಗೂ ತಲೆ ಒಂದಿಷ್ಟು ಮುಂದೆ ಹೋಗಿ ಹಿಂದೆ ಬರುತ್ತದೆ, ಕಿವಿ ಅರ್ಧ ಹೆಜ್ಜೆ ತಡವಾಗಿ ಬೀಳುತ್ತದೆ. ಎಂಟು ಚಿತ್ರಗಳಲ್ಲಿ ಒಂದು ನಡಿಗೆ ಕೂತಿತು; ಅದನ್ನೇ ಇಡೀ ಹಿಂಡಿಗೆ ಮತ್ತೆ ಮತ್ತೆ ಬಳಸಿದರೆ ಹಿಂದೆ ಬಿದ್ದ ಲೆಕ್ಕ ಕೂಡಿಬರುತ್ತಿತ್ತು. ಹನ್ನೆರಡನೆಯ ದಿನ ಸಂಜೆ ಪರದೆಯ ಮೇಲೆ ಮೊದಲ ಕುರಿ ಕುರಿಯ ಹಾಗೆ ನಡೆದಾಗ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಡುಗೆಮನೆಯಿಂದ ಅತ್ತೆ, "ಯಾರ ಬಂದ್ರ?" ಎಂದಳು.

ಕೆಂಪು ಗುರುತನ್ನು ಕಂಪ್ಯೂಟರಿನಲ್ಲಿ ಬರೆಯಲಿಲ್ಲ. ನಿಜವಾದ ಹುರಮಂಜು ಕಲಸಿ ಕಾಗದದ ಮೇಲೆ ಹೆಬ್ಬೆರಳಿನ ಮೂವತ್ತು ಗುರುತು ಒತ್ತಿ, ಫೋಟೊ ತೆಗೆದು, ಅವನ್ನೇ ಒಳಗೆ ಸೇರಿಸಿದೆ. ಒಂದಕ್ಕಿಂತ ಒಂದು ಭಿನ್ನವಾಗಿದ್ದವು. ಅದು ಬೇಕಿತ್ತು.

ಹದಿಮೂರನೆಯ ದಿನ ಕರೆಂಟು ಹೋಗಿ ಬಂದಾಗ ಫೈಲು ತೆರೆಯಲಿಲ್ಲ. ನೂರ ನಲವತ್ತು ಚಿತ್ರ ಹೋದವು. ಯಾವ ಚಿತ್ರದಲ್ಲಿ ಯಾವ ಕುರಿ ಎಲ್ಲಿತ್ತು ಎಂಬ ಪಟ್ಟಿ ನೋಟ್‌ಬುಕ್ಕಿನಲ್ಲಿ ಇದ್ದದ್ದರಿಂದ ಒಂದೂವರೆ ದಿನದಲ್ಲಿ ಮತ್ತೆ ಕಟ್ಟಿದೆ. ಅಂದಿನಿಂದ ಕೆಲಸವನ್ನು ಆಸ್ಪತ್ರೆಯ ಪಡಸಾಲೆಗೆ ಬದಲಾಯಿಸಿದೆ; ಅಲ್ಲಿ ಲಸಿಕೆಯ ಫ್ರಿಜ್ಜಿಗೆ ಬ್ಯಾಟರಿ ಇತ್ತು, ಅದರ ಪಕ್ಕದ ಪ್ಲಗ್ಗನ್ನು ಡಾಕ್ಟರ್ ನನಗೆ ಬಿಟ್ಟುಕೊಟ್ಟರು.

ಕೊನೆಯ ದೃಶ್ಯದಲ್ಲಿ ಎಷ್ಟು ಮರಿ ಜಿಗಿಯಬೇಕು? ಎರಡು ಸಾಲು, ಸಾಲಿಗೆ ಐದು, ಹತ್ತು ಎಂದು ಹಾಕಿಕೊಂಡಿದ್ದೆ. ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂತಿತ್ತು. ಹದಿನೈದನೆಯ ದಿನ ಎರಡನೆಯ ಪುಟ ತಿರುವಿ ನೋಡಿದಾಗ ಅತ್ತೆಯ ಸತ್ತ ಮರಿಗಳ ಸಂಖ್ಯೆ ಕಂಡಿತು. ಇನ್ನೊಂದು ಮರಿ ಬರೆದೆ. ಸಾಲು ಕೆಟ್ಟಿತು, ಒಂದು ಮೂಲೆಗೆ ಭಾರ ಬಿತ್ತು. ಫೋನಿನಲ್ಲಿ ಕಳಿಸಿದ್ದನ್ನು ಮೇಡಂ ನೋಡಿ, "ಹನ್ನೊಂದನೆಯದು ಹೊರಗೆ ಬಿದ್ದ ಹಾಗಿದೆ, ಹತ್ತೇ ಇರಲಿ," ಎಂದರು. "ಇದು ಹನ್ನೊಂದೇ ಇರಬೇಕು ಮೇಡಂ," ಎಂದೆ. ಅಷ್ಟು ಖಚಿತವಾಗಿ ನಾನು ಅವರಿಗೆ ಹಿಂದೆಂದೂ ಉತ್ತರ ಕೊಟ್ಟಿರಲಿಲ್ಲ. ಹೊರಗೆ ಬಿದ್ದ ಆ ಮರಿಯನ್ನು ಉಳಿದವುಗಳಿಗಿಂತ ಎತ್ತರ ಜಿಗಿಯುವಂತೆ ಮಾಡಿದೆ. ಚೌಕಟ್ಟು ತಾನೇ ಸಮವಾಯಿತು.

ಚಿತ್ರಕ್ಕೆ ಮಾತು ಬೇಡ, ಒಂದು ದನಿ ಸಾಕು ಎಂದುಕೊಂಡು ಅತ್ತೆಯನ್ನು ಕೇಳಿದೆ. ಕುರಿ ಕರೆಯುವ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡೆ. "ಹಾ ಹಾ ಹಾ... ಟ್ರ್‌ರ್‌ರ್ ಹೋ!" ಯಾಕೆ ಎಂದು ಅವಳು ಕೇಳಲಿಲ್ಲ. ಊರ ಜನರೆಲ್ಲ ಮೆಚ್ಚಿದ ಪೋಸ್ಟರಿನ ಹುಡುಗಿ ಕೇಳಿದರೆ ಕೊಡಬೇಕಾದದ್ದೇ.

ಹದಿನಾರನೆಯ ದಿನ ಅವಳಿಗೆ ತೋರಿಸಿದೆ. ಹೊಲದಲ್ಲಿ, ಕುರಿಗಳ ನಡುವೆ. ಬಿಸಿಲಿಗೆ ಫೋನಿನ ಪರದೆಯಲ್ಲಿ ಏನೂ ಕಾಣಲಿಲ್ಲ. ಅವಳು ಸುಮ್ಮನೆ ಹೆಗಲ ಮೇಲಿನ ಕಂಬಳಿ ತೆಗೆದು ನಮ್ಮಿಬ್ಬರ ತಲೆಯ ಮೇಲೆ ಹೊದಿಸಿದಳು. ಕುರಿ ವಾಸನೆಯ ಕತ್ತಲಲ್ಲಿ ಚಿತ್ರ ಬೆಳಗಿತು. ಅವಳ ಕೂಗು ಕೇಳಿದ ಕೂಡಲೇ ಹೊರಗೆ ಗೊರಸುಗಳ ಸದ್ದಾಯಿತು. ಅತ್ತೆ ಕಂಬಳಿ ಎತ್ತಿ ನೋಡಿ, "ಇಲ್ಲೇ ಅದೀನಿ, ಮೇಯ್ರಿ," ಎಂದು ಬೈದು ಮತ್ತೆ ಒಳಗೆ ಬಂದಳು.

ಒಮ್ಮೆ ನೋಡಿದಳು. "ಇನ್ನೊಮ್ಮೆ ಹಾಕು," ಎಂದಳು. ಎರಡನೆಯ ಸಲ ಅವಳ ತುಟಿ ಆಡುತ್ತಿತ್ತು. ಕುರಿ ಸಾಕುವವರು ಮರಿ ಕಂಡಲ್ಲಿ ಎಣಿಸುತ್ತಾರೆ, ನಾನು ಗೀಟು ಹಾಕಿದ ಹಾಗೆ. ಮೂರನೆಯ ಸಲ ಮುಗಿದ ಮೇಲೆ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹನ್ನೊಂದ ಅದಾವ," ಎಂದಳು.

"ಹೌದತ್ತಿ."

"ಎಲ್ಲಾಕ್ಕೂ ಗುರ್ತು ಹಚ್ಚೀಯಲ್ಲ. ಮಳಿಗಿಂತ ಮೊದಲ."

"ಹೌದು."

ಕಂಬಳಿಯೊಳಗೆ ಸೆಕೆಯಾಗುತ್ತಿತ್ತು. ಅವಳು ಹೆಬ್ಬೆರಳಿನಿಂದ ಪರದೆಯ ಮೇಲೆ ಆ ಎತ್ತರ ಜಿಗಿಯುವ ಮರಿಯನ್ನು ಮುಟ್ಟಿದಳು. ಚಿತ್ರ ಮತ್ತೆ ಮೊದಲಿನಿಂದ ಶುರುವಾಯಿತು. ನಾಲ್ಕನೆಯ ಸಲವೂ ಮುಗಿಯಿತು.

"ಡಾಕ್ಟ್ರ ಪೆಟ್ಟಿಗಿ ಎಂದ ಬರತೈತಿ ಅಂದಿ?"

"ಇನ್ನ ನಾಕ ದಿನಕ್ಕ."

"ಹೂಂ," ಎಂದು ಕಂಬಳಿ ಸರಿಸಿದಳು. ಹೊರಗೆ ಬೆಳಕು ಕಣ್ಣಿಗೆ ಚುಚ್ಚಿತು. ಎದ್ದು ಹೋಗುತ್ತ ತಿರುಗಿ ಹೇಳಿದಳು: "ಹಂಗಂದ್ರ ಆ ಬಾಗಿಲದಾಗಿಂದು ಸುಳ್ಳ ಬರದಿದ್ದೇನ? ಏಟ್ ಮಂದಿಗೆ ತೋರಿಸಿದ್ನೆವ್ವಾ! ಮಾನ ಕಳದಿ."

ಮಾರನೆಯ ದಿನ ಹಳೆಯ ಹದಿನಾರು ಜನರನ್ನೇ ಹುಡುಕಿ ಹೊಸದನ್ನು ತೋರಿಸಿದೆ. ಹದಿನಾಲ್ಕು ಜನ ಸರಿಯಾಗಿ ಹೇಳಿದರು. ಇಬ್ಬರು ಈ ಕುರಿ ಯಾರವು, ಮಾರುತ್ತಾರೆಯೇ ಎಂದು ಕೇಳಿದರು. ಅವರನ್ನು ಯಾವ ಸಾಲಿಗೆ ಹಾಕಬೇಕೆಂದು ತಿಳಿಯದೆ ಹೊಸ ಸಾಲು ಮಾಡಿದೆ.

ಹದಿನೆಂಟನೆಯ ದಿನ ದೊಡ್ಡ ಫ್ಲೆಕ್ಸ್ ಮಾಡಿಸಲು ಗಂಗಾವತಿಗೆ ಹೋದೆ. ಪೋಸ್ಟರ್ ಈಗ ಒಂದೇ ಉದ್ದ ಪಟ್ಟಿ: ಎಡದಿಂದ ಬಲಕ್ಕೆ ನಡೆಯುವ ಹಿಂಡು, ಸೂಜಿ, ಹೆಬ್ಬೆರಳು, ಮಳೆ, ಹುಲ್ಲು. ಒಂಬತ್ತು ಪದ. ಮೊದಲ ಪ್ರಿಂಟಿನಲ್ಲಿ ಕೆಂಪು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬ್ಯಾಗಿನಿಂದ ಹುರಮಂಜಿನ ಉಂಡೆ ತೆಗೆದು ಅಂಗಡಿಯವನ ಮೇಜಿನ ಮೇಲಿಟ್ಟೆ.

"ಇದೇನ್ರೀ ಮೇಡಂ, ಗ್ವಾಡಿ ಬಳ್ಯೂ ಮಣ್ಣು ತಂದೀರಿ?"

"ಈ ಬಣ್ಣನ ಬರಬೇಕ್ರಿ. ಇದಲ್ಲಂದ್ರ ನಮ್ಮ ಮಂದಿಗೆ ತಿಳಿಯಂಗಿಲ್ಲ."

ಅವನು ಬೆರಳಿಗೆ ಹಚ್ಚಿ, ತನ್ನ ಅಂಗೈ ಮೇಲೆ ಎಳೆದು, ಪರದೆಗೆ ಹಿಡಿದು ನೋಡಿದ. ನಾಲ್ಕು ಪಟ್ಟಿ ತೆಗೆದ. ನಾಲ್ಕನೆಯದು ಅವನ ಅಂಗೈಯ ಪಕ್ಕ ಇಟ್ಟರೆ ಯಾವುದು ಮಣ್ಣು ಯಾವುದು ಶಾಯಿ ತಿಳಿಯುತ್ತಿರಲಿಲ್ಲ. ನಾನು ಹೊರಡುವಾಗ ಉಂಡೆಯ ಅರ್ಧ ಮುರಿದು ಇಟ್ಟುಕೊಂಡ. "ಕುಷ್ಟಗಿ ಕಡಿಂದ ಕುರಿಗಾರ್ರು ಬರ್ತಾರ್ರಿ, ಬೇಕಾಗತೈತಿ," ಎಂದ. ಏಕೆ ಬೇಕಾಗುತ್ತದೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಅತ್ತೆ ಹೊಸ ಪೋಸ್ಟರಿನ ಕಾಗದದ ಪ್ರತಿಯನ್ನು ಹಳೆಯದರ ಮೇಲೆಯೇ ಅಂಟಿಸಿದಳು, ನಾಲ್ಕೂ ಅಂಚು ಮುಚ್ಚುವಂತೆ. ಹಾದಿಯಲ್ಲಿ ಹೋಗುವವರನ್ನು ಮತ್ತೆ ನಿಲ್ಲಿಸತೊಡಗಿದಳು. "ಮೊದಲ ಬರದಿದ್ದು ಪರೀಕ್ಷಾಕ್ಕ. ಇದು ಖರೇದ್ದು."

ಇಪ್ಪತ್ತನೆಯ ದಿನ ಬೆಳಗ್ಗೆ ಏಳಕ್ಕೆ ಬಯಲಿನಲ್ಲಿ ಫ್ಲೆಕ್ಸ್ ಕಟ್ಟಿದೆವು. ಡಾಕ್ಟರ್ ಜೀಪಿನ ಹಿಂದೆ ಹಳೆಯ ಟಿವಿ ಇಟ್ಟು, ಮೇಲೆ ಕಂಬಳಿಯ ಮರೆ ಕಟ್ಟಿದ್ದರು; ಆ ಉಪಾಯ ನಾನು ಹೇಳಿದ್ದು. ಧ್ವನಿವರ್ಧಕ ಜೋಡಿಸಿ ಅನಿಮೇಷನ್ ಹಾಕಿದರು. ಬಯಲಿನ ಅಂಚಿನಲ್ಲಿ ಏಳೆಂಟು ಹಿಂಡು ನಿಂತಿದ್ದವು. ಯಾರೂ ಮುಂದೆ ಬರುತ್ತಿರಲಿಲ್ಲ. ಎಲ್ಲರೂ ಅತ್ತೆಯನ್ನು ನೋಡುತ್ತಿದ್ದರು. ಅತ್ತೆ ಎಲ್ಲರಿಗಿಂತ ಹಿಂದೆ ನಿಂತು, ಎಲೆ ಅಡಿಕೆ ಚೀಲ ಬಿಚ್ಚುತ್ತಿದ್ದಳು. ಯಾರಾದರೂ ಮೊದಲು ಮಾಡಿಸಲಿ ಎಂಬ ಲೆಕ್ಕಾಚಾರ ಅವಳ ಮುಖದಲ್ಲಿ ಇನ್ನೂ ಇತ್ತು.

ಆಗ ಧ್ವನಿವರ್ಧಕದಿಂದ ಅವಳದೇ ಕೂಗು ಬಯಲಿಡೀ ಹಬ್ಬಿತು. "ಹಾ ಹಾ ಹಾ... ಟ್ರ್‌ರ್‌ರ್ ಹೋ!"

ಅತ್ತೆಯ ಹಿಂಡು ಒಂದು ಕ್ಷಣ ಕಿವಿ ಎತ್ತಿತು. ಆಮೇಲೆ ಅವಳನ್ನು ಅಲ್ಲೇ ಬಿಟ್ಟು, ಉಳಿದ ಹಿಂಡುಗಳನ್ನು ಸೀಳಿಕೊಂಡು, ಧೂಳೆಬ್ಬಿಸಿ ಓಡಿ ಬಂದು ಜೀಪನ್ನು ಸುತ್ತುವರಿಯಿತು. ಡಾಕ್ಟರ್ ಐಸ್ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ನಿಂತರು.

ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಓಡಿ ಬಂದಳು. "ಯಾವಾಕಿ ಕರದ್ಲು ಇವನ್ನ?"

"ನೀನ ಅತ್ತಿ!"

ಬಯಲೆಲ್ಲ ನಕ್ಕಿತು. ಅತ್ತೆಯೂ ನಕ್ಕಳು, ಕೋಲು ಊರಿಕೊಂಡು, ಕೆಮ್ಮು ಬರುವವರೆಗೆ. ಆಮೇಲೆ ಉಸಿರು ತಿರುಗಿಸಿಕೊಂಡು ಡಾಕ್ಟರಿಗೆ ಹೇಳಿದಳು: "ಬಂದ ಬಂದಾವ. ನಿಂತ ನೋಡ್ತೀರೇನ್ರಿ ಸಾಹೇಬ್ರ? ಸೂಜಿ ತಗೀರಿ. ಬಟ್ಲ ನನ್ನ ಕೈಯಾಗ ಕೊಡ್ರಿ."

ಅರವತ್ತನಾಲ್ಕು ಮತ್ತು ಇಪ್ಪತ್ತಮೂರು, ಎಂಬತ್ತೇಳು. ಒಂದೊಂದಕ್ಕೂ ಅವಳದೇ ಹೆಬ್ಬೆರಳು. ನಾನು ಪಕ್ಕದಲ್ಲಿ ನಿಂತು ಗೀಟು ಹಾಕಿದೆ. ಅವಳದು ಮುಗಿಯುವಷ್ಟರಲ್ಲಿ ಹಿಂದೆ ಸಾಲು ನಿಂತಿತ್ತು. ಮಧ್ಯಾಹ್ನ ಮೂರಕ್ಕೆ ಡಾಕ್ಟರ್ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ಐಸಿನ ನೀರು ಚೆಲ್ಲಿದರು. ಹತ್ತೊಂಬತ್ತು ಹಿಂಡುಗಳಲ್ಲಿ ಹದಿನೇಳು. ಉಳಿದ ಎರಡು ನಾಲಾ ಕಡೆ ಹೋಗಿದ್ದವು, ಅವರು ಬಂದ ಮೇಲೆ ತಾನೇ ಕರೆತರುತ್ತೇನೆಂದು ಅತ್ತೆ ಹೇಳಿದಳು.

ಕೊನೆಯ ಲೆಕ್ಕ ಬರೆಯುತ್ತಿದ್ದೆ. ಅತ್ತೆ ಬಂದು ನೋಟ್‌ಬುಕ್ ನೋಡಿದಳು. ಓದಲು ಬರದಿದ್ದರೂ ಗೀಟು ಅವಳಿಗೆ ತಿಳಿಯುತ್ತದೆ.

"ಎಲ್ಲಾ ಮುಗೀತ?"

"ಮುಗೀತತ್ತಿ. ನಾಳಿ ಕಾಲೇಜಿಗೆ ತೋರಸಬೇಕು."

ಅವಳು ನೋಟ್‌ಬುಕ್ ಮುಚ್ಚಿ, ಬಟ್ಟಲ ತಳದಲ್ಲಿ ಉಳಿದ ಹುರಮಂಜಿಗೆ ಹೆಬ್ಬೆರಳು ಅದ್ದಿ, ರಟ್ಟಿನ ಮೇಲೆ ಒಂದು ಗುರುತು ಎಳೆದಳು. ಆಮೇಲೆ ಕುರಿಗಳ ಹಿಂದೆ ಹೋದಳು.

ಮಾರನೆಯ ದಿನ ಕೊಪ್ಪಳದಲ್ಲಿ ಗೆಳತಿಯ ಮನೆಯ ಇಂಟರ್ನೆಟ್ಟಿನಲ್ಲಿ ಪ್ರದರ್ಶನ ಕೊಟ್ಟೆ. ಹಳೆಯ ಪೋಸ್ಟರ್, ತಪ್ಪಾದ ಪೋಸ್ಟರ್, ಹದಿಮೂರು ಗೀಟು, ಆಮೇಲಿನ ಹದಿನಾಲ್ಕು, ಎಲ್ಲ ತೋರಿಸಿದೆ. ಅನಿಮೇಷನ್ ಮುಗಿದ ಮೇಲೆ ಮೇಡಂ, "ಆ ಹನ್ನೊಂದನೆಯ ಮರಿ ಇರಲಿ," ಎಂದರು. ನಾನು ನೋಟ್‌ಬುಕ್ ಮುಚ್ಚುತ್ತಿದ್ದಾಗ ಅವರಿಗೆ ರಟ್ಟು ಕಂಡಿತು.

"ಅದೇನು ಕಲೆ? ಸಲ್ಲಿಸುವ ಮೊದಲು ಒರೆಸಿಬಿಡಿ."

"ಕಲೆ ಅಲ್ಲ ಮೇಡಂ," ಎಂದೆ. "ಆಯಿತು ಅಂತ."